ಕತ್ತೆ ಹುಡುಕಲು ಹೊರಟವನಿಗೆ ಸಿಕ್ಕ ರಾಜ್ಯ

(ಭಾನುವಾರದ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಆಡುವಾಗ ಅಲ್ಲಲ್ಲಿ ದಾರಿ ಬಿಟ್ಟು ಹೋಗಿದ್ದೆ. ಬರೆಯುವಾಗ ಕೆಲವನ್ನು ತಿದ್ದಿದೆ, ಕೆಲವನ್ನು ಹಾಗೇ ಬಿಟ್ಟೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಪ್ರಾಚೀನ ಇಸ್ರಾಯೇಲಿನ ಮೊದಲ ಅರಸರು. ಅರಸರ ಕಥೆ ಎಂದರೆ ಅರಮನೆಯಿಂದಲೋ ಯುದ್ಧದಿಂದಲೋ ಶುರುವಾಗುವುದು ವಾಡಿಕೆ. ಇದು ಮಾತ್ರ ಕಳೆದುಹೋದ ಕತ್ತೆಗಳಿಂದ ಶುರುವಾಗುತ್ತದೆ.

ಬೆನ್ಯಾಮೀನ ಕುಲದಲ್ಲಿ ಕೀಷ ಎಂಬ ಸ್ಥಿತಿವಂತನಿದ್ದ. ಅವನ ಕತ್ತೆಗಳು ಎಲ್ಲೋ ತಪ್ಪಿಸಿಕೊಂಡವು. ಮಗನನ್ನು ಕರೆದು, "ಒಬ್ಬ ಆಳನ್ನು ಕರಕೊಂಡು ಹೋಗಿ ಹುಡುಕಿಕೊಂಡು ಬಾರಪ್ಪಾ" ಎಂದ. ಮಗ ಸೌಲ ಆಜಾನುಬಾಹು, ಊರಿನ ಯಾರ ಪಕ್ಕ ನಿಂತರೂ ಅವರು ಅವನ ಹೆಗಲಿಗೆ ಬರುತ್ತಿದ್ದರು. ಇಬ್ಬರೂ ಗುಡ್ಡದಿಂದ ಗುಡ್ಡಕ್ಕೆ ಅಲೆದರು. ಮೂರು ದಿನವಾದರೂ ಕತ್ತೆಗಳ ಸುಳಿವಿಲ್ಲ, ಬುತ್ತಿಯೂ ತೀರಿತು. "ಇನ್ನು ಹಿಂದಿರುಗೋಣ, ಅಪ್ಪ ಕತ್ತೆಯ ಚಿಂತೆ ಬಿಟ್ಟು ನಮ್ಮ ಚಿಂತೆ ಹಚ್ಚಿಕೊಂಡಿರುತ್ತಾನೆ" ಎಂದ ಮಗ. ಆಳು ಅವನಿಗಿಂತ ಜಾಣ. ಈ ಊರಲ್ಲಿ ಕಾಣದ್ದನ್ನು ಕಂಡು ಹೇಳುವ ಕಾಣಿಕಾರನೊಬ್ಬ ಇದ್ದಾನೆ, ಅವನನ್ನೇ ಕೇಳಿಬಿಡೋಣ ಎಂದ. ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗುವುದು ಹೇಗೆ? ಆಳಿನ ಬಳಿ ಕಾಲು ಶೆಕೆಲ್ ಬೆಳ್ಳಿ ಇತ್ತು. ಆ ಕಾಲದಲ್ಲಿ ನಾಣ್ಯ ಇನ್ನೂ ಬಂದಿರಲಿಲ್ಲ, ಎಲ್ಲವೂ ತೂಕದ ಲೆಕ್ಕ. ಕಾಲು ಶೆಕೆಲ್ ಅಂದರೆ ಮೂರು ಗ್ರಾಮಿನಷ್ಟು ಬೆಳ್ಳಿಯ ಚೂರು.

ಆ ಕಾಣಿಕಾರನೇ ಸಮುವೇಲ, ಆ ಜನಕ್ಕೆಲ್ಲ ನ್ಯಾಯ ಹೇಳುತ್ತಿದ್ದ ಪ್ರವಾದಿ. ಮರುದಿನ ಬೆಳಗ್ಗೆ ಊರ ಅಂಚಿನಲ್ಲಿ ಆಳನ್ನು ಮುಂದೆ ಕಳಿಸಿ, ಹುಡುಗನ ತಲೆಯ ಮೇಲೆ ಎಣ್ಣೆ ಹೊಯ್ದು, ನೀನೇ ಈ ಜನದ ನಾಯಕ ಎಂದ. ಕತ್ತೆಗಳು ಅಷ್ಟರಲ್ಲಿ ತಾವಾಗಿಯೇ ಸಿಕ್ಕಿದ್ದವು. ಮನೆಗೆ ಬಂದಾಗ ಚಿಕ್ಕಪ್ಪ ಕೇಳಿದ: ಎಲ್ಲಿ ಹೋಗಿದ್ದೆಯೋ, ಸಮುವೇಲ ಏನಂದ? ಹುಡುಗ ಹೇಳಿದ್ದಿಷ್ಟೇ: ಕತ್ತೆ ಸಿಕ್ಕಿವೆ ಅಂದ. ರಾಜ್ಯದ ಮಾತನ್ನು ನುಂಗಿಕೊಂಡ.

ನನಗೆ ಈ ಸೌಲ ಇಷ್ಟವಾಗುವುದು ಇಲ್ಲೇ. ಮುಂದೆ ಅವನ ಬದುಕು ಹಾಳಾಗುವ ಪರಿ ನೋಡಿದಾಗೆಲ್ಲ ಚಿಕ್ಕಪ್ಪನ ಮುಂದೆ ಬಾಯಿ ಕಟ್ಟಿ ನಿಂತ ಈ ಹುಡುಗ ನೆನಪಾಗುತ್ತಾನೆ.

ಹೀಬ್ರೂ ಭಾಷೆಯಲ್ಲಿ ಅವನ ಹೆಸರು ಶಾವುಲ್. ಹಾಗೆಂದರೆ 'ಕೇಳಿ ಪಡೆದದ್ದು', ಬೇಡಿಕೊಂಡದ್ದು. ಜನ ಅರಸ ಬೇಕೆಂದು ಕೇಳಿದರು, 'ಕೇಳಿದ್ದು' ಎಂಬ ಹೆಸರಿನವನೇ ಸಿಕ್ಕ. ಕೇಳಿದವರು ಯಾರು, ಯಾಕೆ ಕೇಳಿದರು ಎಂಬುದನ್ನು ಸ್ವಲ್ಪ ನೋಡಬೇಕು.

ಇಸ್ರಾಯೇಲ್ ಎಂಬ ಹೆಸರು ಬೈಬಲಿನ ಹೊರಗೆ ಮೊಟ್ಟಮೊದಲು ಕಾಣಿಸುವುದು ಈಜಿಪ್ಟಿನ ಫರೋಹ ಮೆರ್ನೆಪ್ತಾನ ಶಾಸನದಲ್ಲಿ, ಕ್ರಿ.ಪೂ. 1208ರ ಸುಮಾರಿಗೆ. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅದನ್ನು ಥೀಬ್ಸ್‌ನಲ್ಲಿ ಪತ್ತೆ ಮಾಡಿದ. ಅದರಲ್ಲಿ ಫರೋಹ, ಇಸ್ರಾಯೇಲನ್ನು ಹಾಳುಗೆಡವಿದೆ, ಅದರ ಬೀಜವೂ ಉಳಿದಿಲ್ಲ ಎಂದು ಕೊಚ್ಚಿಕೊಂಡಿದ್ದಾನೆ. ಅವನು ಬೀಜವೂ ಉಳಿದಿಲ್ಲ ಎಂದದ್ದರಿಂದಲೇ ಅವರು ಇದ್ದರು ಎಂದು ಇವತ್ತು ನಮಗೆ ಗೊತ್ತು! ಆ ಶಾಸನದಲ್ಲಿ ಪಕ್ಕದ ಹೆಸರುಗಳಿಗೆಲ್ಲ ಊರು, ದೇಶ ಎಂಬ ಗುರುತು ಹಾಕಿದ್ದಾರೆ, ಇಸ್ರಾಯೇಲಿಗೆ ಮಾತ್ರ 'ಜನ' ಎಂಬ ಗುರುತು. ರಾಜಧಾನಿಯಿಲ್ಲದ, ಅರಸನಿಲ್ಲದ, ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲುಗದ್ದೆ ಮಾಡಿಕೊಂಡು ಎಣ್ಣೆಮರ (ಆಲಿವ್), ದ್ರಾಕ್ಷಿ ಬೆಳೆಯುತ್ತ, ಕುರಿ ಮೇಯಿಸಿಕೊಂಡಿದ್ದ ಕುಲಗಳು. ಆಪತ್ತು ಬಂದಾಗ ಯಾರಾದರೊಬ್ಬರು ಮುಂದಾಳಾಗಿ ನಿಲ್ಲುತ್ತಿದ್ದರು, ಮುಗಿದ ಮೇಲೆ ಅವರವರ ಹೊಲಕ್ಕೆ ಅವರವರು.

ಕ್ರಿ.ಪೂ. 1200ರ ಆಚೀಚೆ ದೊಡ್ಡ ರಾಜ್ಯಗಳೆಲ್ಲ ಕುಸಿದವು. ಹಿತ್ತಿಯರ ಸಾಮ್ರಾಜ್ಯ ಮಣ್ಣಾಯಿತು, ಈಜಿಪ್ಟ್ ಈ ಕುಲಗಳಿದ್ದ ಕಾನಾನ್ ನಾಡಿನಿಂದ ಕಾಲು ತೆಗೆಯಿತು, ಅಶ್ಶೂರಕ್ಕೆ ಇನ್ನೂ ಇತ್ತ ತಿರುಗಿ ನೋಡುವ ಶಕ್ತಿ ಬಂದಿರಲಿಲ್ಲ. ಆನೆಗಳು ಸರಿದು ಹೋದ ಆ ಜಾಗದಲ್ಲಿ ಚಿಕ್ಕಪುಟ್ಟ ರಾಜ್ಯಗಳು ಎದ್ದವು. ಕರಾವಳಿಯಲ್ಲಿ ಸಮುದ್ರದಾಚೆಯಿಂದ ಬಂದ ಫಿಲಿಷ್ಟಿಯರು ಗಾಜಾ, ಅಷ್ಕೆಲೋನ್, ಅಷ್ಡೋದ್, ಎಕ್ರೋನ್, ಗತ್ ಎಂಬ ಐದು ಪಟ್ಟಣಗಳಲ್ಲಿ ನೆಲೆಯೂರಿದ್ದರು. ಬಯಲು ಅವರದು, ಬೆಟ್ಟ ಇವರದು. ಬಯಲಿನವರು ಬೆಟ್ಟ ಹತ್ತತೊಡಗಿದಾಗ ತೊಂದರೆ ಶುರುವಾಯಿತು.

ಇಲ್ಲೊಂದು ಚಿಕ್ಕ ವಸ್ತುವಿನ ಕಥೆ ಹೇಳಬೇಕು. ಇಸ್ರಾಯೇಲಿನ ಇಡೀ ನಾಡಿನಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲ ಎನ್ನುತ್ತದೆ ಬೈಬಲಿನ ಸಮುವೇಲನ ಗ್ರಂಥ. ಇವರು ಕತ್ತಿ, ಭರ್ಜಿ ಮಾಡಿಸಿಕೊಂಡಾರು ಎಂದು ಫಿಲಿಷ್ಟಿಯರು ಕುಲುಮೆಯನ್ನೇ ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. ನೇಗಿಲ ಗುಳ ಹಣಿಸಬೇಕೆಂದರೂ ರೈತ ಬೆಟ್ಟ ಇಳಿದು ಶತ್ರುವಿನ ಕುಲುಮೆಗೇ ಹೋಗಬೇಕು. ಅದಕ್ಕೆ ಕೂಲಿ ಒಂದು 'ಪೀಮ್' ಎಂದು ಮೂಲದಲ್ಲಿದೆ. ಪೀಮ್ ಅಂದರೆ ಏನೆಂದು ಶತಮಾನಗಳ ಕಾಲ ಯಾರಿಗೂ ತಿಳಿಯಲಿಲ್ಲ. ಇಂಗ್ಲಿಷಿನ ಹಳೆಯ ಅನುವಾದದವರು ಅದನ್ನು ಲೋಹ ಉಜ್ಜುವ ಅರ ಎಂದು ಊಹಿಸಿ, 'ಅವರ ಬಳಿ ಒಂದು ಅರ ಇತ್ತು' ಎಂದು ಬರೆದುಬಿಟ್ಟರು. ಇಪ್ಪತ್ತನೆಯ ಶತಮಾನದ ಉತ್ಖನನಗಳಲ್ಲಿ ಬೆರಳ ತುದಿಯಲ್ಲಿ ಹಿಡಿಯುವಷ್ಟು ಸಣ್ಣ ಸುಣ್ಣಕಲ್ಲಿನ ಗುಂಡುಗಳು ಸಿಕ್ಕವು. ಕೆಳಗೆ ಚಪ್ಪಟೆ, ಮೇಲೆ ಗುಮ್ಮಟದಂತೆ, ನೆತ್ತಿಯ ಮೇಲೆ ಕೊರೆದ ಮೂರು ಅಕ್ಷರ: ಪ-ಯ-ಮ. ಅವು ತೂಕದ ಬಟ್ಟುಗಳು! ಒಂದೊಂದೂ ಏಳೂವರೆಯಿಂದ ಎಂಟು ಗ್ರಾಂ, ಶೆಕೆಲಿನ ಮೂರರಲ್ಲಿ ಎರಡು ಪಾಲು. ಒಂದು ಗುಳ ಹಣಿಸಲು ಅಷ್ಟು ಬೆಳ್ಳಿ. ಕಾಣಿಕಾರನ ದಕ್ಷಿಣೆಗಿಂತ ಕಮ್ಮಾರನ ಕೂಲಿ ಎರಡೂವರೆ ಪಟ್ಟು ಹೆಚ್ಚು.

ಅರಸ ಬೇಕು ಎಂದು ಜನ ಕೇಳಿದ್ದಕ್ಕೆ ಕಾರಣ ಈ ಬಟ್ಟಿನಲ್ಲಿದೆ ಎಂದು ನನಗೆ ಅನಿಸುತ್ತದೆ. ಎರಡನೆಯ ಕಾರಣ ಸಮುವೇಲನ ಮನೆಯೊಳಗೇ ಇತ್ತು. ಮುದುಕನಾದ ಮೇಲೆ ಅವನು ಮಕ್ಕಳನ್ನು ನ್ಯಾಯಾಧಿಪತಿಗಳಾಗಿ ಕೂರಿಸಿದ, ಅವರು ಲಂಚ ತೆಗೆದುಕೊಂಡರು. ಹಿರಿಯರೆಲ್ಲ ಸೇರಿ ಬಂದರು. ನೀನು ಮುದುಕನಾದೆ, ನಿನ್ನ ಮಕ್ಕಳು ನಿನ್ನ ದಾರಿಯಲ್ಲಿಲ್ಲ, ಬೇರೆ ಜನಕ್ಕೆಲ್ಲ ಇರುವ ಹಾಗೆ ನಮಗೂ ಒಬ್ಬ ಅರಸನನ್ನು ಕೊಡು ಎಂದರು.

ಆಗ ಸಮುವೇಲ ಕೊಟ್ಟ ಉತ್ತರವನ್ನು ನೀವು ನಿಧಾನವಾಗಿ ಓದಬೇಕು. ಅರಸ ಬಂದರೆ ಏನು ಮಾಡುತ್ತಾನೆ ಗೊತ್ತೇ? ನಿಮ್ಮ ಗಂಡುಮಕ್ಕಳನ್ನು ತೆಗೆದುಕೊಳ್ಳುತ್ತಾನೆ, ತನ್ನ ರಥದ ಮುಂದೆ ಓಡಿಸಲು. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾನೆ, ಪರಿಮಳತೈಲ ಮಾಡಲು, ಅಡಿಗೆಗೆ, ರೊಟ್ಟಿ ಸುಡಲು. ಹೊಲ, ದ್ರಾಕ್ಷಿತೋಟ, ಎಣ್ಣೆಮರದ ತೋಪುಗಳಲ್ಲಿ ಒಳ್ಳೆಯದನ್ನೆಲ್ಲ ತೆಗೆದುಕೊಂಡು ತನ್ನ ಸೇವಕರಿಗೆ ಹಂಚುತ್ತಾನೆ. ಆಳುಗಳನ್ನೂ ಕತ್ತೆಗಳನ್ನೂ ತೆಗೆದುಕೊಳ್ಳುತ್ತಾನೆ. ಕಡೆಗೆ ನೀವೇ ಅವನ ಆಳಾಗುತ್ತೀರಿ.

ಹೀಬ್ರೂವಿನಲ್ಲಿ ಇಲ್ಲಿ ನಾಲ್ಕು ಸಲ ಬರುವುದು ಒಂದೇ ಕ್ರಿಯಾಪದ, 'ಲಾಕಹ್', ತೆಗೆದುಕೊಳ್ಳುವುದು. ಮಕ್ಕಳು ಲಂಚ 'ತೆಗೆದುಕೊಂಡರು' ಎಂಬಲ್ಲೂ ಅದೇ ಪದ. ಮುಂದೆ ಅಧಿಕಾರ ಬಿಟ್ಟುಕೊಡುವಾಗ ಸಮುವೇಲ ಜನರ ಮುಂದೆ ನಿಂತು, ನಾನು ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಹೇಳಿ ಎಂದು ಕೇಳುತ್ತಾನೆ. ಅಲ್ಲೂ ಅದೇ. ಇವತ್ತಿನ ನನ್ನ ಮಾತಿಗೆಲ್ಲ ಈ ಒಂದು ಪದವೇ ದಾರ. ಮೂರು ಅರಸರ ಆಳಿಕೆಯಲ್ಲಿ ಅದು ಎಲ್ಲೆಲ್ಲಿ ತಲೆ ಎತ್ತುತ್ತದೆ ಎಂದು ನೋಡುತ್ತ ಹೋಗೋಣ. ಜನ ಮಾತ್ರ ಸಮುವೇಲನ ಮಾತಿಗೆ ಕಿವಿಗೊಡಲಿಲ್ಲ. ಆದರೂ ಅರಸ ಬೇಕೇ ಬೇಕು ಎಂದರು.

ಸೌಲನನ್ನು ಎಲ್ಲರೆದುರು ಆರಿಸುವ ದಿನ ಅವನು ಸಾಮಾನುಗಳ ರಾಶಿಯ ಹಿಂದೆ ಅಡಗಿ ಕೂತಿದ್ದ. ಅರಸನಾದ ಮೇಲೂ ಎತ್ತು ಹೊಡೆದುಕೊಂಡು ಹೊಲದಿಂದ ಮನೆಗೆ ಬರುತ್ತಿದ್ದ. ಹಾಗೆ ಬರುತ್ತಿದ್ದಾಗಲೇ ಯೊರ್ದನಿನ ಆಚೆಯ ಯಾಬೇಷ್ ಊರಿನ ಸುದ್ದಿ ಬಂತು. ಅಮ್ಮೋನಿಯರ ನಾಹಾಷ ಊರನ್ನು ಮುತ್ತಿದ್ದ. ಶರಣಾಗುವುದಾದರೆ ಪ್ರತಿಯೊಬ್ಬರ ಬಲಗಣ್ಣು ಕೀಳಿಸುತ್ತೇನೆ ಎಂಬುದು ಅವನ ಷರತ್ತು. ಸೌಲ ತನ್ನ ಜೋಡಿ ಎತ್ತನ್ನು ಅಲ್ಲೇ ಕಡಿದು ತುಂಡುಗಳನ್ನು ಕುಲಕುಲಕ್ಕೆ ಕಳಿಸಿದ: ಬಾರದವನ ಎತ್ತಿಗೂ ಇದೇ ಗತಿ. ಎಲ್ಲರೂ ಬಂದರು, ಯಾಬೇಷ್ ಉಳಿಯಿತು. ಈ ಊರಿನ ಹೆಸರು ನೆನಪಿಡಿ.

ಸೌಲ ಎಷ್ಟು ವರ್ಷ ಆಳಿದ? ಹೀಬ್ರೂ ಮೂಲದಲ್ಲಿ ಆ ಅಂಕಿಯೇ ಕೆಟ್ಟುಹೋಗಿದೆ. ಅವನು ಪಟ್ಟಕ್ಕೆ ಬಂದಾಗ ಇಷ್ಟು ವರ್ಷದವನಾಗಿದ್ದ ಎಂಬ ಸಾಲಿನಲ್ಲಿ ಸಂಖ್ಯೆ ಬಿಟ್ಟುಹೋಗಿದೆ, ಆಳಿದ ವರ್ಷ ಎಂಬಲ್ಲಿ ಬರೀ ಎರಡು ಉಳಿದಿದೆ. ಹೊಸ ಒಡಂಬಡಿಕೆ ನಲವತ್ತು ಎನ್ನುತ್ತದೆ. ಅರಮನೆ, ಕಂದಾಯ, ಕರಣಿಕರು ಯಾವುದೂ ಅವನ ಕಥೆಯಲ್ಲಿಲ್ಲ. ಗಿಬೆಯದ ಗುಡ್ಡದಲ್ಲಿ ಮರದ ಕೆಳಗೆ, ಕೈಯಲ್ಲಿ ಭರ್ಜಿ ಹಿಡಿದು ಕೂತು ದರ್ಬಾರು ಮಾಡುತ್ತಾನೆ. ಆದರೆ ಆ ಮರದ ಕೆಳಗೇ ಅವನ ಬಾಯಿಂದ ಒಂದು ಮಾತು ಬರುತ್ತದೆ. ಮುಂದೆ ಅರಸನಾಗಲಿದ್ದ ದಾವೀದನ ಮೇಲಿನ ಹೊಟ್ಟೆಯುರಿಯಲ್ಲಿ ತನ್ನ ಕುಲದವರನ್ನು ಬೈಯುತ್ತ, ಇಷಯನ ಮಗ (ದಾವೀದನೇ) ನಿಮಗೆಲ್ಲ ಹೊಲ, ದ್ರಾಕ್ಷಿತೋಟ ಕೊಡುತ್ತಾನೇನು, ನಿಮ್ಮನ್ನು ಸಹಸ್ರಾಧಿಪತಿ ಮಾಡುತ್ತಾನೇನು ಎಂದು ಕೇಳುತ್ತಾನೆ. ನಾನಲ್ಲವೇ ಕೊಟ್ಟದ್ದು ಎಂಬ ಧ್ವನಿ ಅದರಲ್ಲಿದೆ. ಕೊಡಬೇಕಾದರೆ ಯಾರಿಂದಲೋ ತೆಗೆದುಕೊಂಡಿರಲೇಬೇಕಲ್ಲ! ಎತ್ತಿನ ಹಿಂದೆ ಬರುತ್ತಿದ್ದವನು ಅಷ್ಟರಲ್ಲಿ ಅಲ್ಲಿಗೆ ಮುಟ್ಟಿದ್ದ. ದಾವೀದನಿಗೆ ಅನ್ನ ಕೊಟ್ಟರೆಂದು ನೋಬ್ ಎಂಬ ಊರಿನ 85 ಯಾಜಕರನ್ನು ಕೊಲ್ಲಿಸಿದ್ದೂ ಆಗಲೇ.

ಕೊನೆಯ ಯುದ್ಧದ ಹಿಂದಿನ ರಾತ್ರಿ ವೇಷ ಮರೆಸಿಕೊಂಡು ಏಂದೋರಿನಲ್ಲಿ ಸತ್ತವರನ್ನು ಕರೆಸುವ ಹೆಂಗಸಿನ ಬಳಿ ಹೋಗುತ್ತಾನೆ. ಅಂಥವರನ್ನು ನಾಡಿನಿಂದ ಓಡಿಸಿದ್ದವನು ಅವನೇ. ಸಮುವೇಲನ ಪ್ರೇತ ಬಂದು ನಾಳೆ ನೀನು ಸಾಯುತ್ತೀ ಎಂದಾಗ ನೆಲಕ್ಕೆ ಬೀಳುತ್ತಾನೆ. ಆ ಹೆಂಗಸು ಅವನನ್ನು ಎಬ್ಬಿಸಿ, ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ ರೊಟ್ಟಿ ಸುಟ್ಟು, ಉಣ್ಣು ಎಂದು ಬಲವಂತ ಮಾಡುತ್ತಾಳೆ. ಮರುದಿನ ಗಿಲ್ಬೋವ ಬೆಟ್ಟದಲ್ಲಿ ಮೂವರು ಮಕ್ಕಳು ಸತ್ತರು, ಗಾಯಗೊಂಡ ಸೌಲ ತನ್ನ ಕತ್ತಿಯ ಮೇಲೆ ತಾನೇ ಬಿದ್ದ. ಫಿಲಿಷ್ಟಿಯರು ಹೆಣವನ್ನು ಬೇತ್‌ಷೆಯಾನಿನ ಕೋಟೆಗೋಡೆಗೆ ಜಡಿದರು. ಸುದ್ದಿ ಕೇಳಿ ಒಂದು ಊರಿನ ಗಂಡಸರು ರಾತ್ರಿಯೆಲ್ಲ ನಡೆದು ಬಂದು ಹೆಣಗಳನ್ನು ಇಳಿಸಿ ಹೊತ್ತುಕೊಂಡು ಹೋದರು. ಯಾಬೇಷಿನವರು. ಎರಡೂ ಕಣ್ಣು ಉಳಿದಿದ್ದವರು.

ದಾವೀದ. ಇವನ ಬಗ್ಗೆ ನಿಮಗೆಲ್ಲ ಗೊಲ್ಯಾತನ ಕಥೆ ಗೊತ್ತು. ಆರು ಮೊಳ ಒಂದು ಗೇಣು ಎತ್ತರದ ದೈತ್ಯ, ಕವಣೆ ಕಲ್ಲು. ಮೃತ ಸಮುದ್ರದ ಬಳಿ ಸಿಕ್ಕ ಹಳೆಯ ಸುರುಳಿಯಲ್ಲಿ ಅವನ ಎತ್ತರ ನಾಲ್ಕು ಮೊಳ ಒಂದು ಗೇಣು ಮಾತ್ರ, ಅಂದರೆ ಆರೂವರೆ ಅಡಿಯ ಆಸುಪಾಸು. ಕಾಲ ಸರಿದಂತೆ ಗೊಲ್ಯಾತ ಬೆಳೆದ. ಇನ್ನೂ ತಮಾಷೆ ಅಂದರೆ, ಅದೇ ಗ್ರಂಥದ ಕೊನೆಯಲ್ಲಿ ಗೊಲ್ಯಾತನನ್ನು ಕೊಂದವನು ಎಲ್ಹಾನಾನ ಎಂಬ ಬೇತ್ಲೆಹೇಮಿನವನು ಎಂದು ಒಂದು ಸಾಲಿದೆ. ಬಹಳ ಕಾಲದ ಮೇಲೆ ಬೈಬಲಿನ ಇನ್ನೊಂದು ಗ್ರಂಥವಾದ ಪೂರ್ವಕಾಲವೃತ್ತಾಂತ ಬರೆದವರಿಗೆ ಇದು ಇರುಸುಮುರುಸಾಗಿರಬೇಕು, ಎಲ್ಹಾನಾನ ಕೊಂದದ್ದು ಗೊಲ್ಯಾತನ ತಮ್ಮನನ್ನು ಎಂದು ಸರಿಮಾಡಿದರು.

ನನಗೆ ಹೆಚ್ಚು ನಿಜ ಅನ್ನಿಸುವುದು ಅದುಲ್ಲಾಮಿನ ಗವಿಯ ದಾವೀದ. ಸೌಲನಿಂದ ತಪ್ಪಿಸಿಕೊಂಡು ಅಲ್ಲಿ ಸೇರಿದಾಗ ಅವನ ಸುತ್ತ ನೆರೆದವರು ಸಾಲಗಾರರು, ಕಷ್ಟದಲ್ಲಿದ್ದವರು, ಮನಸ್ಸು ಕಹಿಯಾದವರು, ನಾನೂರು ಮಂದಿ. ಈ ಪಡೆಗೆ ಊಟ ಎಲ್ಲಿಂದ? ಮೂರು ಸಾವಿರ ಕುರಿ, ಸಾವಿರ ಮೇಕೆ ಇದ್ದ ನಾಬಾಲ ಎಂಬ ಶ್ರೀಮಂತ ಕುರಿಯ ಉಣ್ಣೆ ಕತ್ತರಿಸುವ ಹಬ್ಬದಲ್ಲಿದ್ದಾಗ ದಾವೀದ ಹತ್ತು ಹುಡುಗರನ್ನು ಕಳಿಸಿದ: ನಿನ್ನ ಕುರುಬರಿಗೆ ನಮ್ಮಿಂದ ಏನೂ ತೊಂದರೆಯಾಗಿಲ್ಲ, ಕೈಗೆ ಬಂದದ್ದು ಕೊಡು. ಇದಕ್ಕೆ ಇವತ್ತಿನ ಊರಮಾತಿನಲ್ಲಿ ಹಫ್ತಾ ಅನ್ನುತ್ತಾರೆ. ನಾಬಾಲ ಬೈದು ಅಟ್ಟಿದ. ದಾವೀದ ಕತ್ತಿ ಕಟ್ಟಿಕೊಂಡು ಹೊರಟ. ನಾಬಾಲನ ಹೆಂಡತಿ ಅಬೀಗೈಲ್ ಗಂಡನಿಗೆ ಹೇಳದೆ ಇನ್ನೂರು ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಐದು ಕುರಿಯ ಬೇಯಿಸಿದ ಬಾಡು, ಹುರಿದ ಕಾಳು, ಒಣದ್ರಾಕ್ಷಿಯ ನೂರು ಗೊಂಚಲು, ಅಂಜೂರದ ಇನ್ನೂರು ಉಂಡೆ ಕತ್ತೆಗಳ ಮೇಲೆ ಹೇರಿಸಿ ದಾರಿಯಲ್ಲೇ ಅವನನ್ನು ತಡೆದಳು. ಹತ್ತು ದಿನಕ್ಕೆ ನಾಬಾಲ ಸತ್ತ. ದಾವೀದ ಅವಳನ್ನು ಹೆಂಡತಿಯಾಗಿ ತೆಗೆದುಕೊಂಡ.

ಮುಂದಿನದನ್ನು ಬೇಗ ದಾಟುತ್ತೇನೆ. ಫಿಲಿಷ್ಟಿಯರ ಗತ್ ಪಟ್ಟಣದ ಅರಸ ಆಕೀಷನ ಕೈಕೆಳಗೆ ಕೆಲಕಾಲ ಇದ್ದ, ಸೌಲ ಸತ್ತ ಮೇಲೆ ಹೆಬ್ರೋನಿನಲ್ಲಿ ದಕ್ಷಿಣದ ಯೆಹೂದ ಕುಲದವರಿಗೆ ಮಾತ್ರ ಅರಸನಾಗಿ ಏಳೂವರೆ ವರ್ಷ ಆಳಿದ. ಉತ್ತರದವರು ಸೌಲನ ಮಗನ ಜೊತೆಗಿದ್ದರು. ಆ ಮಗನ, ಅವನ ಸೇನಾಪತಿ ಅಬ್ನೇರನ ಕೊಲೆಗಳಾದವು. ಎರಡರಲ್ಲೂ ದಾವೀದನ ಕೈ ಇರಲಿಲ್ಲ ಎಂದು ಗ್ರಂಥ ಒತ್ತಿ ಒತ್ತಿ ಹೇಳುತ್ತದೆ. ಅಷ್ಟು ಒತ್ತಿದ್ದರಿಂದಲೇ ಅನುಮಾನ ಹುಟ್ಟುತ್ತದೆ, ಅದು ಬೇರೆ ಮಾತು. ಆಮೇಲೆ ಯೆಬೂಸಿಯರಿಂದ ಯೆರೂಸಲೇಮನ್ನು ಹಿಡಿದ. ಇದು ಜಾಣತನ. ಉತ್ತರದ ಕುಲಕ್ಕೂ ದಕ್ಷಿಣದ ಕುಲಕ್ಕೂ ಸೇರದ ಊರು, ಎರಡರ ಗಡಿಯಲ್ಲಿ. ಆಗಿನ ಯೆರೂಸಲೇಮ್ ಎಷ್ಟು ದೊಡ್ಡದಿತ್ತು? ಹನ್ನೆರಡು ಎಕರೆಯ ಆಸುಪಾಸು. ಮಲೆನಾಡಿನ ಒಂದು ಸುಮಾರಾದ ಅಡಿಕೆ ತೋಟದಷ್ಟು. ಅಲ್ಲಿಗೆ ಮಂಜೂಷವನ್ನು, ಅಂದರೆ ಇಸ್ರಾಯೇಲ್ಯರ ಪವಿತ್ರ ಪೆಟ್ಟಿಗೆಯನ್ನು ತಂದ, ಮೆರವಣಿಗೆಯ ಮುಂದೆ ಮೈಮರೆತು ಕುಣಿದ. ಅಲ್ಲಿಂದ 33 ವರ್ಷ ಆಳಿದ.

ಈಗ ಆ ಸಂಜೆಗೆ ಬರೋಣ. ವಸಂತಕಾಲ, ಅರಸರು ದಂಡೆತ್ತಿ ಹೋಗುವ ಕಾಲ ಎಂದು ಕಥೆ ಶುರುವಾಗುತ್ತದೆ. ದಂಡು ಹೋಯಿತು, ಅರಸ ಮನೆಯಲ್ಲುಳಿದ. ಆ ಒಂದು ಸಾಲಿನಲ್ಲೇ ಚುಚ್ಚಿದೆ. ಸಂಜೆ ನಿದ್ದೆಯಿಂದೆದ್ದು ಮಾಳಿಗೆಯ ಮೇಲೆ ಅಡ್ಡಾಡುತ್ತ ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ಕಂಡ. ವಿಚಾರಿಸಿದ. ಹಿತ್ತಿಯನಾದ ಊರೀಯನ ಹೆಂಡತಿ ಎಂದರು. ಗಂಡ ಇವನದೇ ಸೈನ್ಯದಲ್ಲಿ ಯುದ್ಧಭೂಮಿಯಲ್ಲಿದ್ದ. ಆಳುಗಳನ್ನು ಕಳಿಸಿ ಅವಳನ್ನು 'ತೆಗೆದುಕೊಂಡ'. ಪದ ಅದೇ, ಲಾಕಹ್. ಅವಳು ಬಸುರಾದಳು. ಊರೀಯನನ್ನು ಕರೆಸಿ ಮನೆಗೆ ಹೋಗಿ ಮಲಗು ಎಂದ. ದಂಡು ಬಯಲಲ್ಲಿ ಮಲಗಿರುವಾಗ ನಾನು ಮನೆಗೆ ಹೋಗುವುದೇ ಎಂದು ಆತ ಅರಮನೆ ಬಾಗಿಲಲ್ಲೇ ಮಲಗಿದ. ಮರುದಿನ ಕುಡಿಸಿದರೂ ಹೋಗಲಿಲ್ಲ. ಕಡೆಗೆ ದಾವೀದ ಸೇನಾಪತಿ ಯೋವಾಬನಿಗೆ ಒಂದು ಕಾಗದ ಬರೆದ: ಇವನನ್ನು ಯುದ್ಧ ಬಿರುಸಾಗಿರುವಲ್ಲಿ ನಿಲ್ಲಿಸಿ ನೀವು ಹಿಂದೆ ಸರಿಯಿರಿ. ಆ ಕಾಗದವನ್ನು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ.

ಪ್ರವಾದಿ ನಾತಾನ ಬಂದು ಒಂದು ವ್ಯಾಜ್ಯ ಎಂಬಂತೆ ಕಥೆ ಹೇಳಿದ. ಶ್ರೀಮಂತನಿಗೆ ಬೇಕಾದಷ್ಟು ಕುರಿ. ಬಡವನಿಗೆ ಒಂದೇ ಹೆಣ್ಣು ಮರಿ, ಅವನ ತುತ್ತನ್ನೇ ತಿಂದು, ಅವನ ಬಟ್ಟಲಲ್ಲೇ ಕುಡಿದು, ಮಗಳಂತೆ ಮಡಿಲಲ್ಲಿ ಮಲಗುತ್ತಿತ್ತು. ಶ್ರೀಮಂತನ ಮನೆಗೆ ನೆಂಟ ಬಂದಾಗ ತನ್ನ ಹಿಂಡಿನದನ್ನು ಬಿಟ್ಟು ಬಡವನ ಮರಿಯನ್ನು ತೆಗೆದುಕೊಂಡು ಕೊಯ್ದ. ಹಳೆಯ ಕುರುಬ ದಾವೀದನಿಗೆ ಸಿಟ್ಟು ನೆತ್ತಿಗೇರಿತು, ಅವನಿಗೆ ಮರಣವೇ ಸರಿ ಎಂದ. "ಆ ಮನುಷ್ಯ ನೀನೇ" ಎಂದ ನಾತಾನ.

ಇದೇ ದಾವೀದ ಇನ್ನೊಂದು ಸಲ ಬಲಿಪೀಠಕ್ಕಾಗಿ ಒಬ್ಬ ಯೆಬೂಸಿಯನ ಕಣವನ್ನು ನೋಡಿದಾಗ, ಅವನು ಸುಮ್ಮನೆ ತೆಗೆದುಕೋ ಎಂದರೂ ಒಪ್ಪದೆ 50 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡ. ಎರಡೂ ಅವನೇ. ಮಗ ಅಬ್ಷಾಲೋಮ ದಂಗೆ ಎದ್ದಾಗ ಬರಿಗಾಲಲ್ಲಿ ಎಣ್ಣೆಮರಗಳ ಗುಡ್ಡ ಹತ್ತಿ ಅಳುತ್ತ ಓಡಿಹೋದವನೂ ಅವನೇ.

ಇಷ್ಟು ಹೇಳುವಾಗ ಮುಂದಿನ ಸಾಲಿನ ಒಬ್ಬರು ಮೇಡಂ ಕೈಯೆತ್ತಿ, "ಸರ್, ಕಥೆ ಚೆನ್ನಾಗಿದೆ, ಆದರೆ ದಾವೀದ ಅಂತ ಒಬ್ಬ ಇದ್ದನೇ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

1993ರವರೆಗೆ ಬೈಬಲಿನ ಹೊರಗೆ ದಾವೀದನ ಹೆಸರು ಎಲ್ಲೂ ಸಿಕ್ಕಿರಲಿಲ್ಲ. ಆ ವರ್ಷ ಇಸ್ರೇಲಿನ ಉತ್ತರ ತುದಿಯ ತೆಲ್ ದಾನ್‌ನಲ್ಲಿ ಅವ್ರಹಾಮ್ ಬಿರಾನ್ ಅವರ ಉತ್ಖನನ ತಂಡದ ಗೀಲಾ ಕುಕ್, ಇಳಿಬಿಸಿಲಿನಲ್ಲಿ ಒಂದು ಗೋಡೆಯ ಕಲ್ಲಿನ ಮೇಲೆ ಅಕ್ಷರಗಳನ್ನು ಗಮನಿಸಿದರು. ಒಡೆದ ಶಾಸನವನ್ನು ಯಾರೋ ಹಿಂದೆ ಗೋಡೆಗೆ ಕಟ್ಟಿದ್ದರು. ನಮ್ಮ ಊರುಗಳಲ್ಲೂ ಶಾಸನದ ಕಲ್ಲು ಬಾವಿಯ ಮೆಟ್ಟಿಲಾಗಿ ಸಿಗುತ್ತದಲ್ಲ, ಹಾಗೆ. ಕ್ರಿ.ಪೂ. ಒಂಬತ್ತನೆಯ ಶತಮಾನದ ಅರಾಮ್ಯ (ಸಿರಿಯಾ ಕಡೆಯ) ಅರಸನೊಬ್ಬ ತಾನು ಸೋಲಿಸಿದವರ ಹೆಸರು ಹೇಳುತ್ತ 'ಬೇತ್ ದಾವಿದ್', ದಾವೀದನ ಮನೆತನ ಎನ್ನುತ್ತಾನೆ. ಶತ್ರುವಿನ ಬಾಯಲ್ಲಿ ಬಂದ ಹೆಸರು. ಇದರಿಂದ ದಾವೀದ ಎಂಬ ಮೂಲಪುರುಷನ ಮನೆತನ ನೂರು, ನೂರೈವತ್ತು ವರ್ಷಗಳ ಮೇಲೆ ಆಳುತ್ತಿತ್ತು ಎಂದು ಹೇಳಬಹುದು. ಕವಣೆ, ಮಾಳಿಗೆ, ಕಾಗದ ಯಾವುದಕ್ಕೂ ಇದು ಸಾಕ್ಷಿಯಲ್ಲ.

ದಾವೀದನ ಮಗ, ಮೂರನೆಯ ಅರಸ ಸೊಲೊಮೋನನ ವಿಷಯದಲ್ಲಿ ಜಗಳ ಇನ್ನೂ ಜೋರು. ಅವನು ಹಾಚೋರ್, ಮೆಗಿದ್ದೋ, ಗೆಜೆರ್ ಪಟ್ಟಣಗಳನ್ನು ಕಟ್ಟಿಸಿದ ಎಂದು ಗ್ರಂಥದಲ್ಲಿದೆ. ಮೂರರಲ್ಲೂ ಒಂದೇ ಬಗೆಯ, ಆರು ಕೋಣೆಗಳ ಕೋಟೆಬಾಗಿಲು ಸಿಕ್ಕಾಗ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಇದು ಸೊಲೊಮೋನನದೇ ಎಂದರು. 1990ರ ದಶಕದಲ್ಲಿ ಇಸ್ರಾಯೆಲ್ ಫಿಂಕೆಲ್‌ಸ್ಟೈನ್, ಅಲ್ಲ, ಇವು ಒಂದು ಶತಮಾನದಷ್ಟು ಆಮೇಲಿನವು, ರಾಜ್ಯ ಒಡೆದ ಮೇಲೆ ಉತ್ತರವನ್ನಾಳಿದ ಅರಸ ಒಮ್ರಿಯ ವಂಶದವರದ್ದು ಎಂದರು. ಏಲಾ ಕಣಿವೆಯ ಮೇಲಿನ ಖಿರ್ಬೆತ್ ಕೆಯಾಫಾದಲ್ಲಿ ಯೋಸೆಫ್ ಗಾರ್ಫಿಂಕೆಲ್ 2007ರಿಂದ ಅಗೆದು, ಸುಟ್ಟ ಎಣ್ಣೆಕಾಯಿಯ ಬೀಜಗಳ ಕಾಲಮಾಪನದಿಂದ ಇದು ದಾವೀದನ ಕಾಲದ ಕೋಟೆ ಎಂದು ವಾದಿಸಿದರು. ಜಗಳ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದಾವೀದ ಇದ್ದ, ಆದರೆ ಅವನು ಸಾಮ್ರಾಟನಲ್ಲ, ಬೆಟ್ಟದ ನಾಡಿನ ಪಾಳೆಯಗಾರ. ಒಮ್ರಿಯ ಪಾಡು ತಿರುಗಮುರುಗ. ಅವನಿಗೆ ಬೈಬಲ್ ಕೆಲವೇ ವಚನ ಕೊಟ್ಟು ಕೈತೊಳೆದುಕೊಂಡಿದೆ. ಅಶ್ಶೂರದವರು ಮಾತ್ರ ಅವನ ವಂಶ ಅಳಿದ ಮೇಲೂ ಆ ನಾಡನ್ನು ಒಮ್ರಿಯ ಮನೆ ಎಂದೇ ಕರೆದರು. ಅವನ ಮಗ ಅಹಾಬ ಕ್ರಿ.ಪೂ. 853ರ ಕರ್ಕರ್ ಯುದ್ಧಕ್ಕೆ 2,000 ರಥ ತಂದಿದ್ದ ಎಂದು ಅಶ್ಶೂರದ ಶಾಸನವೇ ಹೇಳುತ್ತದೆ. ಅದು ಇನ್ನೊಂದು ಭಾನುವಾರದ ಮಾತು.

ಸೊಲೊಮೋನ ಜ್ಞಾನಿ ಎಂಬ ಹೆಸರು ದೊಡ್ಡದು. ನಾನು ಅವನ ಜ್ಞಾನ ಬಿಟ್ಟು ಲೆಕ್ಕದ ಪುಸ್ತಕ ನೋಡುತ್ತೇನೆ. ಅವನ ಅರಮನೆಗೆ ದಿನವೊಂದಕ್ಕೆ ಬೇಕಾದದ್ದು 30 ಕೋರ್ ನಯವಾದ ಹಿಟ್ಟು, 60 ಕೋರ್ ಸಾದಾ ಹಿಟ್ಟು, 10 ಕೊಬ್ಬಿದ ಎತ್ತು, 20 ಮೇವಿನ ಎತ್ತು, 100 ಕುರಿ. ಕೋರ್ ಅಂದರೆ ಒಂದು ಕತ್ತೆ ಹೊರುವ ಹೊರೆಯ ಅಳತೆ. ದಿನಾ ತೊಂಬತ್ತು ಕತ್ತೆಹೊರೆ ಹಿಟ್ಟು! ಕೀಷನ ಮನೆಯಿಂದ ಇಲ್ಲಿಗೆ ಎರಡೇ ತಲೆಮಾರು. ಅಂಕಿ ಉಬ್ಬಿಸಿದ್ದೇ ಇರಬಹುದು, ಆದರೆ ಉಬ್ಬಿಸಿದವನಿಗೂ ಯಾವುದನ್ನು ಉಬ್ಬಿಸಬೇಕೆಂದು ಗೊತ್ತಿತ್ತು.

ಇದನ್ನು ಪೂರೈಸಲು ನಾಡನ್ನು ಹನ್ನೆರಡು ವಿಭಾಗ ಮಾಡಿ, ಒಂದೊಂದು ವಿಭಾಗ ವರ್ಷಕ್ಕೊಂದು ತಿಂಗಳು ಅರಮನೆಗೆ ಉಣಬಡಿಸಬೇಕು ಎಂದು ಗೊತ್ತುಮಾಡಿದ. ಆ ಪಟ್ಟಿಯಲ್ಲಿ ಅವನ ಸ್ವಂತ ಕುಲ ಯೆಹೂದ ಸ್ಪಷ್ಟವಾಗಿ ಕಾಣುವುದಿಲ್ಲ. ಉತ್ತರದವರ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ದೇವಾಲಯ 60 ಮೊಳ ಉದ್ದ, 20 ಮೊಳ ಅಗಲ. ನಮ್ಮ ಅಳತೆಯಲ್ಲಿ ತೊಂಬತ್ತಕ್ಕೆ ಮೂವತ್ತು ಅಡಿ, ಒಂದು ಸಾಧಾರಣ ಕಲ್ಯಾಣಮಂಟಪಕ್ಕಿಂತ ಚಿಕ್ಕದು. ಅದಕ್ಕೆ ಏಳು ವರ್ಷ ಹಿಡಿಯಿತು, ತನ್ನ ಅರಮನೆಗೆ ಹದಿಮೂರು. ಬರೆದವನು ಎರಡು ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗಿದ್ದಾನೆ. ದೇವದಾರು ಮರ ಕರಾವಳಿಯ ತೂರ್ ಪಟ್ಟಣದ ಅರಸ ಹೀರಾಮನಿಂದ ಬಂತು, ಬದಲಿಗೆ ವರ್ಷಕ್ಕೆ 20,000 ಕೋರ್ ಗೋಧಿ. ಕಡೆಗೆ ಗಲಿಲಾಯದ 20 ಊರುಗಳನ್ನೇ ಹೀರಾಮನಿಗೆ ಕೊಟ್ಟ. ಆತ ಬಂದು ನೋಡಿ, ಇದೆಂಥ ಊರು ಕೊಟ್ಟೆಯಪ್ಪಾ ಎಂದು ಮೂಗು ಮುರಿದನಂತೆ. ಆ ಊರುಗಳ ಜನರನ್ನು ಯಾರೂ ಕೇಳಲಿಲ್ಲ.

ಮರ ಕಡಿಯಲು 30,000 ಮಂದಿಯ ಬಿಟ್ಟಿ. ಹತ್ತು ಸಾವಿರದ ಪಾಳಿ, ಒಂದು ತಿಂಗಳು ಲೆಬನೋನಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ಇಸ್ರಾಯೇಲ್ಯರನ್ನೆಲ್ಲ ಬಿಟ್ಟಿ ಹಿಡಿದ ಎಂದು ಒಂದು ಕಡೆ, ಇಸ್ರಾಯೇಲ್ಯರಲ್ಲಿ ಯಾರನ್ನೂ ದಾಸರನ್ನಾಗಿ ಮಾಡಲಿಲ್ಲ ಎಂದು ನಾಲ್ಕು ಅಧ್ಯಾಯದಾಚೆ. ಎರಡನೆಯದು ಅರಮನೆಯ ಪ್ರಕಟಣೆಯಂತೆ ಕೇಳಿಸುತ್ತದೆ. ಬಿಟ್ಟಿಯ ಮೇಲ್ವಿಚಾರಕ ಅದೋನೀರಾಮ. ಯೋಸೇಫನ ಕುಲದವರ ಬಿಟ್ಟಿಗೆ ಸೊಲೊಮೋನನೇ ನೇಮಿಸಿದ ಚುರುಕಿನ ಯುವಕ ಯಾರೊಬ್ಬಾಮ. ಇವನು ಅರಸನ ಮೇಲೆ ತಿರುಗಿಬಿದ್ದು, ಈಜಿಪ್ಟಿಗೆ ಓಡಿ, ಅಲ್ಲಿನ ಅರಸ ಶೀಶಕನ ಆಶ್ರಯದಲ್ಲಿದ್ದ.

ಒಂದು ಅಡ್ಡಮಾತು. ಸೊಲೊಮೋನನ ಹಡಗುಗಳು ಮೂರು ವರ್ಷಕ್ಕೊಮ್ಮೆ ತರುತ್ತಿದ್ದ ಸರಕಿನಲ್ಲಿ ಚಿನ್ನ, ದಂತ, ಕಪಿ, ನವಿಲು ಇವೆ. ಹೀಬ್ರೂವಿನಲ್ಲಿ ನವಿಲಿಗೆ ಇರುವ ಪದ 'ತುಕ್ಕಿ'. ಇದು ತಮಿಳಿನ ತೋಗೈ, ನಮ್ಮ ಹಳಗನ್ನಡದ ತೋಕೆ ಎಂದು ಬಹಳ ಹಿಂದಿನಿಂದ ಊಹೆ ಇದೆ. ಕೆಲವರು ಅದು ನವಿಲೇ ಅಲ್ಲ, ಒಂದು ಬಗೆಯ ಕೋತಿ ಎನ್ನುತ್ತಾರೆ. ನಮ್ಮ ನವಿಲು ಅಲ್ಲಿ ಕುಣಿದಿತ್ತು ಎಂದು ಎದೆಯುಬ್ಬಿಸುವಷ್ಟು ಪುರಾವೆ ಇದಲ್ಲ, ಆದರೆ ಪದ ಕಿವಿಗೆ ಬಿದ್ದಾಗ ಖುಷಿಯಾಗುವುದು ನಿಜ.

ಸುಮಾರು ಕ್ರಿ.ಪೂ. 930ರಲ್ಲಿ ಸೊಲೊಮೋನ ಸತ್ತ. ಮಗ ರೆಹಬ್ಬಾಮ ಪಟ್ಟಾಭಿಷೇಕಕ್ಕೆ ಉತ್ತರದ ಶೆಕೆಮಿಗೆ ಹೋದ. ಅರಸನೇ ಅಲ್ಲಿಗೆ ಹೋಗಬೇಕಾಯಿತು ಎಂಬುದರಲ್ಲೇ ಗಾಳಿ ಯಾವ ಕಡೆ ಬೀಸುತ್ತಿತ್ತು ತಿಳಿಯುತ್ತದೆ. ಯಾರೊಬ್ಬಾಮನೂ ಈಜಿಪ್ಟಿನಿಂದ ಬಂದಿದ್ದ. ಜನ ಕೇಳಿದ್ದು ಒಂದೇ: ನಿಮ್ಮ ತಂದೆ ಹೊರಿಸಿದ ನೊಗ ಭಾರವಾಯಿತು, ಸ್ವಲ್ಪ ಹಗುರ ಮಾಡಿ, ನಿಮ್ಮ ಸೇವೆ ಮಾಡಿಕೊಂಡಿರುತ್ತೇವೆ. ಮೂರು ದಿನ ಬಿಟ್ಟು ಬನ್ನಿ ಎಂದ. ತಂದೆಯ ಕಾಲದ ಹಿರಿಯರು, ಇವತ್ತೊಂದು ದಿನ ನೀನು ಈ ಜನಕ್ಕೆ ಆಳಾದರೆ ಅವರು ಎಂದೆಂದಿಗೂ ನಿನ್ನ ಆಳುಗಳಾಗಿರುತ್ತಾರೆ ಎಂದರು. ಅವನಿಗದು ಹಿಡಿಸಲಿಲ್ಲ. ಜೊತೆಯಲ್ಲಿ ಬೆಳೆದ ಹುಡುಗರನ್ನು ಕೇಳಿದ. ಹುಡುಗರು ಅಂದೆ, ರೆಹಬ್ಬಾಮನಿಗೆ ಆಗ 41 ವರ್ಷ, ಜೊತೆಗಾರರಿಗೂ ಅಷ್ಟೇ ಇದ್ದೀತು. ಅವರು ಹೇಳಿಕೊಟ್ಟ ಮಾತು: ನನ್ನ ಕಿರುಬೆರಳು ನನ್ನಪ್ಪನ ಸೊಂಟಕ್ಕಿಂತ ದಪ್ಪ. ಅಪ್ಪ ನಿಮ್ಮನ್ನು ಚಾಟಿಯಿಂದ ಹೊಡೆದ, ನಾನು ಚೇಳುಗಳಿಂದ ಹೊಡೆಯುತ್ತೇನೆ.

ಜನ ಎದ್ದರು. ದಾವೀದನಲ್ಲಿ ನಮಗೇನು ಪಾಲಿದೆ, ಇಸ್ರಾಯೇಲ್ಯರೇ, ನಿಮ್ಮ ನಿಮ್ಮ ಗುಡಾರಗಳಿಗೆ ನಡೆಯಿರಿ ಎಂದರು. ಅವರನ್ನು ಸಮಾಧಾನ ಮಾಡಲು ರೆಹಬ್ಬಾಮ ಕಳಿಸಿದ್ದು ಯಾರನ್ನು ಗೊತ್ತೇ? ಬಿಟ್ಟಿಯ ಮೇಲ್ವಿಚಾರಕನನ್ನು! ಕಲ್ಲೆಸೆದು ಕೊಂದುಬಿಟ್ಟರು. ಅರಸ ಗಡಬಡಿಸಿ ರಥ ಹತ್ತಿ ಯೆರೂಸಲೇಮಿಗೆ ಓಡಿದ. ಉತ್ತರದವರು ಯಾರೊಬ್ಬಾಮನನ್ನು ಅರಸ ಮಾಡಿಕೊಂಡರು. ರೆಹಬ್ಬಾಮನಿಗೆ ಉಳಿದದ್ದು ಯೆಹೂದ, ಜೊತೆಗೆ ಬೆನ್ಯಾಮೀನ.

ಐದನೆಯ ವರ್ಷ ಈಜಿಪ್ಟಿನ ಶೀಶಕ ದಂಡೆತ್ತಿ ಬಂದ. ಇವನೇ ಶೆಶೊಂಕ್. ಕಾರ್ನಾಕ್ ದೇವಾಲಯದ ಗೋಡೆಯಲ್ಲಿ ಅವನು ಗೆದ್ದ ಊರುಗಳ ಪಟ್ಟಿ ಇವತ್ತಿಗೂ ಇದೆ, ಮೆಗಿದ್ದೋದಲ್ಲಿ ಅವನ ಶಾಸನದ ತುಂಡೂ ಸಿಕ್ಕಿದೆ. ಯೆರೂಸಲೇಮಿನ ಹೆಸರು ಆ ಪಟ್ಟಿಯ ಉಳಿದ ಭಾಗದಲ್ಲಿಲ್ಲ. ಆದರೆ ಅರಸುಗಳ ಗ್ರಂಥ ಹೇಳುವ ಪ್ರಕಾರ ದೇವಾಲಯದ ಭಂಡಾರವನ್ನೂ ಅರಮನೆಯ ಭಂಡಾರವನ್ನೂ ಅವನು ತೆಗೆದುಕೊಂಡ, ಎಲ್ಲವನ್ನೂ ತೆಗೆದುಕೊಂಡ, ಸೊಲೊಮೋನ ಮಾಡಿಸಿದ್ದ ಚಿನ್ನದ ಗುರಾಣಿಗಳನ್ನೂ ತೆಗೆದುಕೊಂಡ. ಒಂದೇ ಉಸಿರಿನಲ್ಲಿ ಮೂರು ಸಲ, ಅದೇ ಲಾಕಹ್.

ರೆಹಬ್ಬಾಮ ಅವುಗಳ ಬದಲಿಗೆ ತಾಮ್ರದ ಗುರಾಣಿಗಳನ್ನು ಮಾಡಿಸಿ ಕಾವಲುಗಾರರ ವಶಕ್ಕೆ ಕೊಟ್ಟ. ಅರಸ ದೇವಾಲಯಕ್ಕೆ ಹೊರಟಾಗಲೆಲ್ಲ ಅವರು ಅವನ್ನು ಹಿಡಿದು ಮುಂದೆ ನಡೆಯುತ್ತಿದ್ದರು. ಆಮೇಲೆ ಕಾವಲುಕೋಣೆಗೆ ತಂದು ಇಡುತ್ತಿದ್ದರು.